ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ಹೊತ್ತು?

ನಮ್ಮ ಅರಸೀಕೆರೆ ಕಡೆ ದೂರ ಹೇಳುವಾಗ ಹೊತ್ತನ್ನೂ ಸೇರಿಸಿಯೇ ಹೇಳುತ್ತಿದ್ದರು. ತೋಟ ಕೂಗಳತೆ ದೂರ. ಸಂತೆಗೆ ಒಂದು ಹರದಾರಿ, ಬಿಸಿಲೇರುವ ಮುಂಚೆ ಹೊರಟರೆ ಒಳ್ಳೆಯದು. ನೆಂಟರ ಊರು ಎರಡು ಗಾವುದ, ಬೆಳಗ್ಗೆ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದು. ಹರದಾರಿಗೆ ಸುಮಾರು ಮೂರು ಮೈಲಿ, ಗಾವುದಕ್ಕೆ ಸುಮಾರು ಹನ್ನೆರಡು ಮೈಲಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಆದರೂ ಕೇಳಿದವರಿಗೆ ಬೇಕಾಗಿದ್ದದ್ದು ಎಷ್ಟು ಹೊತ್ತಿಗೆ ಅಲ್ಲಿರುತ್ತೇವೆ ಎಂಬುದು.

ನಮ್ಮಕ್ಕ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿದ್ದಾಳೆ. ಅಮ್ಮ ಮೊದಲ ಸಲ ಅಲ್ಲಿಗೆ ಹೊರಟಾಗ ಕೇಳಿದ್ದು ಎರಡೇ ಮಾತು: "ಎಷ್ಟು ದೂರ ಆಗುತ್ತೆ ಕಣೋ? ಎಷ್ಟೊತ್ತು ಕೂತಿರಬೇಕು?" ನಾನು ಫೋನಿನಲ್ಲಿ ನೋಡಿ, ಹದಿನಾಲ್ಕು ಸಾವಿರ ಕಿಲೋಮೀಟರು, ಹದಿನೇಳು ಗಂಟೆ ಎಂದೆ. ಅಂಕಿಗಳು ಸುಳ್ಳಲ್ಲ. ಆದರೆ ಅಮ್ಮ ಹಾರಿದ ದೂರ ಅದಾಗಿರಲಿಲ್ಲ, ಕೂತ ಹೊತ್ತೂ ಅದಾಗಿರಲಿಲ್ಲ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಅಂದಿನಿಂದ ಹುಡುಕುತ್ತಾ ಬಂದಿದ್ದೇನೆ. ಮಕ್ಕಳನ್ನು ಅಷ್ಟು ದೂರಕ್ಕೆ ಕಳಿಸಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೊರಡುವ ಎಷ್ಟೋ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಮೊದಲು ದೂರ. ಗ್ಲೋಬಿನ ಮೇಲೆ ಬೆಂಗಳೂರಿಗೊಂದು, ಸ್ಯಾನ್ ಫ್ರಾನ್ಸಿಸ್ಕೊಗೊಂದು ಗುಂಡುಸೂಜಿ ಚುಚ್ಚಿ ದಾರ ಬಿಗಿಯಾಗಿ ಎಳೆದರೆ ಅದು ತಾನಾಗಿ ಹಿಡಿಯುವ ಹಾದಿಯೇ ಅತಿ ಹತ್ತಿರದ್ದು. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಒಂದು ತುಂಡು ಅದು. ಅಂಥ ವೃತ್ತವನ್ನು ಗಣಿತದಲ್ಲಿ ಮಹಾವೃತ್ತ ಎನ್ನುತ್ತಾರೆ. ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶ ಹಾಕಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಸುಮಾರು 13,990 ಕಿ.ಮೀ. ಬರುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದೆ. ಅದನ್ನು ಹಿಡಿದು ಸೂಕ್ಷ್ಮವಾಗಿ ಅಳೆದರೂ ಉತ್ತರ ನೂರಕ್ಕೆ ಅರ್ಧದಷ್ಟೂ ಬದಲಾಗದು. ಭೂಗೋಳದ ಸುತ್ತಳತೆ ಸುಮಾರು 40,000 ಕಿ.ಮೀ. ಇರುವುದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ. ಆಚೀಚೆಗಿಂತ ಹೆಚ್ಚು ದೂರ ಇರಲಾರದು. ಅಕ್ಕನ ಮನೆ ಆ ಎಲ್ಲೆಯ ಮುಕ್ಕಾಲು ಭಾಗಕ್ಕೆ ತುಸು ಈಚೆಗಿದೆ.

ಆ ದಾರದ ಹಾದಿ ನೋಡಿದವರಿಗೆ ಬೆರಗಾಗುತ್ತದೆ. ಶಾಲೆಯ ಗೋಡೆಯ ಭೂಪಟ ನೋಡಿ ಬೆಳೆದ ನಮಗೆ ಅಮೆರಿಕ ಎಂದರೆ ಎಡಗಡೆ, ಯುರೋಪು ದಾಟಿ ಅಟ್ಲಾಂಟಿಕ್ ಆಚೆ. ದಾರ ಮಾತ್ರ ಬೆಂಗಳೂರಿನಿಂದ ನೆಟ್ಟಗೆ ಉತ್ತರಕ್ಕೆ, ತುಸುವೇ ಬಲಕ್ಕೆ ವಾಲಿ ಹೋಗುತ್ತದೆ. ಹಿಮಾಲಯ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ, ಕೊಲಿಮಾ ನದಿ ಆರ್ಕ್ಟಿಕ್ ಸಾಗರ ಸೇರುವ ಜಾಗದ ಹತ್ತಿರ 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕದ ಮೇಲೆ ಇಳಿಯುತ್ತಾ ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಪೂರ್ವಕ್ಕೆ ಹೋದರೆ 160 ಡಿಗ್ರಿ, ಪಶ್ಚಿಮಕ್ಕೆ ಹೋದರೆ 200 ಡಿಗ್ರಿ ರೇಖಾಂಶ. ಎರಡು ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಆದ್ದರಿಂದಲೇ ಪೂರ್ವ, ಪಶ್ಚಿಮ, ಉತ್ತರ ಮೂರೂ ದಿಕ್ಕಿನ ಹಾದಿಗಳು ಇಲ್ಲಿ ಪೈಪೋಟಿಗೆ ಬರುತ್ತವೆ. ನೆಟ್ಟಗೆ ಉತ್ತರ ಧ್ರುವದ ಮೇಲೇ ಹಾದು ಬಂದರೂ ದೂರ ಸುಮಾರು 14,370 ಕಿ.ಮೀ.; ಬಿಗಿ ದಾರಕ್ಕಿಂತ 400 ಕಿ.ಮೀ.ನಷ್ಟೂ ಹೆಚ್ಚಾಗುವುದಿಲ್ಲ.

ಆದರೆ ಆ ದಾರದ ಗುಂಟ ಪ್ರಯಾಣಿಕರ ವಿಮಾನ ಹಾರುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಆ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನ 10-11 ಸಾವಿರ ಮೀಟರ್ ಎತ್ತರದಲ್ಲಿರುವಾಗ ಒಳಗಿನ ಗಾಳಿಯ ಒತ್ತಡ ಬಿದ್ದುಹೋದರೆ, ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ತಲೆಯ ಮೇಲಿಂದ ಇಳಿಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಕಾಲು ಗಂಟೆಯಷ್ಟು ಹೊತ್ತಿಗೆ. ಟಿಬೆಟ್ಟಿನ ಮೇಲೆ ಆ ಎತ್ತರಕ್ಕೆ ಇಳಿಯಲು ಜಾಗವೇ ಇಲ್ಲ, ಕೆಳಗೆ ನೆಲ ಅದಕ್ಕಿಂತ ಮೇಲಿದೆ. ಹಾಗಾಗಿ ದೂರದ ವಿಮಾನಗಳು ಆ ಸೀಮೆಯನ್ನು ಬಳಸಿ ಹೋಗುತ್ತವೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ಎಲ್ಲೂ ನಿಲ್ಲದ ವಿಮಾನ ಶುರುಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳುತನದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ತಂದರು. ಶನಿವಾರ, ಜನವರಿ 9ರ ರಾತ್ರಿ ಅಲ್ಲಿ ನೆಲ ಬಿಟ್ಟದ್ದು, ಸೋಮವಾರ ಬೆಳಗಿನ ಜಾವ ಇಲ್ಲಿ ಇಳಿಯಿತು. ಹಾರಾಟ ಸುಮಾರು 17 ಗಂಟೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಆ ವಿಮಾನದಲ್ಲಿದ್ದವರಿಗೆ ಭಾನುವಾರ ಎಂಬುದು ಪೂರ್ತಿ ಆಕಾಶದಲ್ಲೇ ಕಳೆಯಿತು.

ಧ್ರುವದ ಹಾದಿಗೆ ಅದರದೇ ಕಟ್ಟುಪಾಡುಗಳಿವೆ. ಅಲ್ಲಿ ಕಾಂತಸೂಚಿಯನ್ನು ನಂಬುವಂತಿಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ತಣಿಯುತ್ತಾ ಹೋಗುತ್ತದೆ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ, ಅಮೆರಿಕದಲ್ಲಿ ತುಂಬಿಸುವ ಜೆಟ್ ಎಗೆ ಮೈನಸ್ 40. ಸೂರ್ಯನಲ್ಲಿ ಬಿರುಗಾಳಿ ಎದ್ದ ದಿನ ರೇಡಿಯೊ ಕೆಡುತ್ತದೆ, ಹಾದಿಯನ್ನು ದಕ್ಷಿಣಕ್ಕೆ ಸರಿಸಬೇಕಾಗುತ್ತದೆ. ತುರ್ತಾಗಿ ಇಳಿಯಲು ಸಿಗುವ ನಿಲ್ದಾಣಗಳು ಬಹಳ ಕಡಿಮೆ.

ಈಗ ಗಾಳಿಯ ವಿಷಯಕ್ಕೆ ಬರುತ್ತೇನೆ. ದೂರಕ್ಕೂ ಹೊತ್ತಿಗೂ ಇರುವ ನಂಟನ್ನು ಅತಿ ಹೆಚ್ಚು ಕದಲಿಸುವುದು ಇದು. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಬಿಗಿ ದಾರದ ದೂರ ಸುಮಾರು 12,400 ಕಿ.ಮೀ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ಈ ಸೇವೆ ಆರಂಭಿಸಿದಾಗ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಹಾದಿಯನ್ನು ಪೂರ್ವಕ್ಕೆ, ಪೆಸಿಫಿಕ್ ಮೇಲೆ ತಿರುಗಿಸಿದರು. ದೂರ ಸುಮಾರು 15,300 ಕಿ.ಮೀ.ಗೆ ಏರಿತು. ಪ್ರಯಾಣದ ಹೊತ್ತು ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆ ಗಂಟೆಗೆ ಬಂತು. ಪೂರ್ವಕ್ಕೆ ಬೀಸುವ ಗಾಳಿ ಬೆನ್ನಿಗಿದ್ದುದರಿಂದ ಹೆಚ್ಚು ದೂರ ಹೋಗಿ ಬೇಗ ತಲುಪಿದರು. ಹಿಂದಿರುಗುವಾಗ ಅಟ್ಲಾಂಟಿಕ್ ಕಡೆಯಿಂದ ಬಂದರೆ ಅದೂ ಪೂರ್ವದಿಕ್ಕೇ, ಅಲ್ಲೂ ಗಾಳಿ ಬೆನ್ನಿಗೆ. ಹೀಗೆ ಹೋಗಿಬಂದ ವಿಮಾನ ಭೂಮಿಯನ್ನೇ ಒಂದು ಸುತ್ತು ಹಾಕಿರುತ್ತದೆ.

ಲೆಕ್ಕ ಸರಳ. ಬೋಯಿಂಗ್ 777ರಂತಹ ವಿಮಾನ ತನ್ನ ಸುತ್ತಲ ಗಾಳಿಯಲ್ಲಿ ಗಂಟೆಗೆ ಸುಮಾರು 890 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ಗಾಳಿಯೇ ಪೂರ್ವಕ್ಕೆ 150 ಕಿ.ಮೀ. ವೇಗದಲ್ಲಿ ಹೊರಟಿದ್ದರೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ 1,040. ಎದುರು ಬಂದರೆ 740. ಹದಿನೈದು ಗಂಟೆಯ ಹಾದಿಯಲ್ಲಿ ಈ ಅಂತರ ಎಷ್ಟು ದೊಡ್ಡದೆಂದು ಊಹಿಸಬಹುದು. ಹೊಳೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಎದುರು ದಿಕ್ಕಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಏಳೂವರೆಯಿಂದ ಎಂಟು ಗಂಟೆ ಬೇಕು.

ಎತ್ತರದ ಈ ಗಾಳಿಹೊಳೆಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ಅದನ್ನು ಮೊದಲು ಅಳೆದು ಬರೆದಿಟ್ಟವರು ಜಪಾನಿನ ವಾಸಬುರೊ ಓಇಶಿ. 1920ರ ದಶಕದಲ್ಲಿ ತಾತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಅವು ಸಾಗುವ ವೇಗ ಗುರುತಿಸಿದರು. ಲೋಕವೆಲ್ಲ ಓದಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಬಹಳ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಪೈಲಟ್‌ಗಳು ಅದೇ ಗಾಳಿಗೆ ಸಿಕ್ಕಿ ದಿಗಿಲಾದ ಮೇಲೆಯೇ ಉಳಿದ ಜಗತ್ತಿಗೆ ಅದರ ಬಲ ತಿಳಿದದ್ದು. ಓಇಶಿಯವರ ತಾಳ್ಮೆಯನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯ ಮಾತು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮದ ಊರು ತಾನೇ ಹತ್ತಿರ ಬರಬೇಕಲ್ಲ, ಆ ಕಡೆ ಹೋಗುವುದೇ ಬೇಗ ಆಗಬೇಕಲ್ಲ ಎಂದು ಓದಿದವರೂ ಕೇಳುತ್ತಾರೆ. ಭೂಮಿಯ ಜೊತೆಗೆ ಅದರ ಗಾಳಿಯೂ ತಿರುಗುತ್ತಿರುತ್ತದೆ, ವಿಮಾನವೂ ಹೊರಡುವ ಮುಂಚಿನಿಂದಲೇ ತಿರುಗುತ್ತಿರುತ್ತದೆ. ತಿರುಗುವಿಕೆಯ ಪಾತ್ರ ಬೇರೆ ಬಗೆಯದು: ಬಿಸಿಯಾದ ಸಮಭಾಜಕ ಸೀಮೆಯಿಂದ ಧ್ರುವಗಳತ್ತ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ಬಾಗಿಸುತ್ತದೆ, ಆ ಬಾಗು ಬಲಿತು ಜೆಟ್ ಸ್ಟ್ರೀಮ್ ಆಗುತ್ತದೆ.

ಬೆಟ್ಟವನ್ನೂ ಗಾಳಿಯನ್ನೂ ಲೆಕ್ಕ ಹಾಕಬಹುದು. ಗಡಿಗಳು ಯಾವಾಗ ಮುಚ್ಚುತ್ತವೆ ಎಂದು ಲೆಕ್ಕ ಹಾಕಲಾಗದು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಹಾದುಹೋಗಲು ಒಪ್ಪಿಗೆ ಬೇಕು, ಶುಲ್ಕ ಕೊಡಬೇಕು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುಪಾಲು ಮುಚ್ಚಿತ್ತು. ಯುರೋಪಿನಿಂದ ಟೋಕಿಯೊಗೆ ಹೋಗುವವರು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದರು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ತೆರೆದ ಹಾದಿ ಅದು. 1983ರಲ್ಲಿ ಫಿನ್ಏರ್ ಹೆಲ್ಸಿಂಕಿಯಿಂದ ಧ್ರುವ ಬಳಸಿ, ಬೇರಿಂಗ್ ಜಲಸಂಧಿ ದಾಟಿ ನಿಲ್ಲದೆ ಟೋಕಿಯೊ ತಲುಪುವ ವಿಮಾನ ಆರಂಭಿಸಿತು. ಮುಂದೆ ಸೋವಿಯತ್ ಆಕಾಶ ತೆರೆದು ಅದೇ ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪಿನ ವಿಮಾನಗಳಿಗೆ ರಷ್ಯಾ ಬಾಗಿಲು ಹಾಕಿತು. ಫಿನ್ಏರ್ ಮತ್ತೆ ಧ್ರುವದ ದಾರಿಗೆ, ಸುಮಾರು ಹದಿಮೂರು ಗಂಟೆಗೆ ಮರಳಬೇಕಾಯಿತು. ಹೆಲ್ಸಿಂಕಿಯೂ ಟೋಕಿಯೊವೂ ಇದ್ದಲ್ಲೇ ಇವೆ. ನಲವತ್ತು ವರ್ಷದಲ್ಲಿ ಅವುಗಳ ನಡುವಿನ ಹೊತ್ತು ಒಮ್ಮೆ ಕುಗ್ಗಿ, ಒಮ್ಮೆ ಹಿಗ್ಗಿತು.

ನಮ್ಮ ಹಾದಿಗೂ ಆ ಯುದ್ಧದ ಬಿಸಿ ತಟ್ಟಿತು. 2022ರ ಮಾರ್ಚಿನಲ್ಲಿ ಅಮೆರಿಕದ ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೊ–ದೆಹಲಿ, ನ್ಯೂವಾರ್ಕ್–ಮುಂಬೈ ವಿಮಾನಗಳನ್ನು ನಿಲ್ಲಿಸಿತು. ಬೆಂಗಳೂರಿಗೂ ನೇರವಾಗಿ ಹಾರುವುದಾಗಿ ಅದು 2020ರಲ್ಲೇ ಹೇಳಿತ್ತು, ಆ ಮಾತೂ ಅಲ್ಲಿಗೇ ನಿಂತಿತು. ಭಾರತದ ವಿಮಾನಗಳಿಗೆ ರಷ್ಯಾದ ಆಕಾಶ ತೆರೆದೇ ಇತ್ತು, ಅದರ ಜೊತೆಗೆ ಬೇರೊಂದು ಆತಂಕವೂ ಇತ್ತು. 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಬದಲಿ ವಿಮಾನ ಬರುವವರೆಗೆ ಒಂದು ದಿನಕ್ಕೂ ಹೆಚ್ಚು ಕಾಲ ಅವರು ಭಾಷೆ ಬಾರದ ಆ ಸಣ್ಣ ಊರಿನಲ್ಲಿ ಕಾದರು. ನಕಾಶೆಯಲ್ಲಿ ಗೆರೆ ಎಳೆಯುವಾಗ ನಾವು ಮಗದಾನ್ ಎಂಬ ಹೆಸರನ್ನು ಓದುವುದೇ ಇಲ್ಲ.

ಪಾಕಿಸ್ತಾನದ ಆಕಾಶದ ಕಥೆಯೂ ಇಂಥದ್ದೇ. 2019ರಲ್ಲಿ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಅದು ಮುಚ್ಚಿತ್ತು. 2025ರ ಏಪ್ರಿಲ್ 24ರಿಂದ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ವಿಮಾನಗಳು ಗುಜರಾತು, ಅರಬ್ಬಿ ಸಮುದ್ರ ಬಳಸಬೇಕಾಗಿ, ಕೆಲವು ವಿಯೆನ್ನಾದಲ್ಲಿ ಇಳಿದು ಇಂಧನ ಹಾಕಿಸಿಕೊಂಡವು. ಆ ಸೆಪ್ಟೆಂಬರಿನಿಂದ ದೆಹಲಿ–ವಾಷಿಂಗ್ಟನ್ ವಿಮಾನವನ್ನೇ ಏರ್ ಇಂಡಿಯಾ ನಿಲ್ಲಿಸಿತು. ವಿಮಾನಗಳ ಕೊರತೆಯ ಜೊತೆಗೆ ಈ ಮುಚ್ಚಿದ ಆಕಾಶವನ್ನೂ ಕಾರಣವಾಗಿ ಕೊಟ್ಟಿತು. ಎರಡು ದೇಶಗಳ ಮನಸ್ತಾಪದ ಬೆಲೆಯನ್ನು ಮೊಣಕಾಲು ನೋವಿನ ಹಿರಿಯರೊಬ್ಬರು ಇಕ್ಕಟ್ಟಿನ ಸೀಟಿನಲ್ಲಿ ಇನ್ನೂ ಕೆಲವು ಗಂಟೆ ಕೂತು ತೆರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನು ಯಂತ್ರ. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ಹೊರದೇಶದ ವಿಮಾನ 'ಮಲಬಾರ್ ಪ್ರಿನ್ಸೆಸ್' ಬೊಂಬಾಯಿಯಿಂದ ಹೊರಟು ಕೈರೊ, ಜಿನೀವಾಗಳಲ್ಲಿ ನಿಂತು ಲಂಡನ್ ಸೇರಿತು. ಅದರ ಹಿಂದಿನ ವರ್ಷ ಸಿಡ್ನಿ–ಲಂಡನ್ ಹಾದಿಯಲ್ಲಿ ಕ್ವಾಂಟಾಸ್ ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೊ, ಟ್ರಿಪೊಲಿಗಳಲ್ಲಿ ಇಳಿಯುತ್ತಾ ನಾಲ್ಕು ದಿನ ತೆಗೆದುಕೊಳ್ಳುತ್ತಿತ್ತು. ಯುದ್ಧದ ನಡುವೆ, 1943ರಿಂದ 1945ರವರೆಗೆ, ಅದೇ ಕ್ವಾಂಟಾಸ್ ಸಿಂಹಳದ ಕೊಗ್ಗಲ ಕೆರೆಗೂ ಆಸ್ಟ್ರೇಲಿಯಾದ ಪರ್ತ್‌ಗೂ ನಡುವೆ ಕ್ಯಾಟಲೀನ ಎಂಬ ನೀರಿನ ಮೇಲಿಳಿಯುವ ವಿಮಾನಗಳನ್ನು ನಿಲ್ಲದೆ ಹಾರಿಸಿತು. ಶತ್ರುವಿಗೆ ತಿಳಿಯದಂತೆ ರೇಡಿಯೊ ಮುಚ್ಚಿ, ನಕ್ಷತ್ರ ನೋಡಿ ದಾರಿ ಹಿಡಿದು, 27ರಿಂದ 33 ಗಂಟೆ. ಇಂಧನದ ಭಾರಕ್ಕೆ ಪ್ರಯಾಣಿಕರು ಮೂವರಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ದಾರಿಯಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದುದರಿಂದ ಆ ಹಾರಾಟಕ್ಕೆ 'ಡಬಲ್ ಸನ್‌ರೈಸ್' ಎಂದೇ ಹೆಸರಾಯಿತು.

ಅಂದಿನ ಲೆಕ್ಕ ಇಂದಿಗೂ ಬದಲಾಗಿಲ್ಲ. ದೂರ ಹೋಗಲು ಇಂಧನ ಬೇಕು, ಆ ಇಂಧನವನ್ನು ಹೊತ್ತೊಯ್ಯಲು ಇನ್ನಷ್ಟು ಇಂಧನ ಬೇಕು. ಇಂದಿನ ಅತಿ ದೂರದ ಸೇವೆ ಸಿಂಗಪುರ–ನ್ಯೂಯಾರ್ಕ್, ಸುಮಾರು 15,300 ಕಿ.ಮೀ., ಹದಿನೆಂಟು ಗಂಟೆಗೂ ಮೇಲೆ. ಅಲ್ಲಿಗೆ ಸಿಂಗಪುರ್ ಏರ್‌ಲೈನ್ಸ್ ಬಳಸುವ ವಿಶೇಷ ಎ350 ವಿಮಾನದಲ್ಲಿ 161 ಆಸನಗಳು ಮಾತ್ರ, ಸಾಮಾನ್ಯ ದರ್ಜೆಯೇ ಇಲ್ಲ. ಹೀಗೆ ನಿಲ್ಲದೆ ಹೋಗುವುದು ಹೊತ್ತನ್ನು ಉಳಿಸಿದರೂ ದುಡ್ಡನ್ನು ಉಳಿಸುವುದಿಲ್ಲ. ಬೆಂಗಳೂರಿಗೆ ಇನ್ನೊಂದು ತೊಡಕಿದೆ. ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಸುಮಾರು ನೂರಕ್ಕೆ ಒಂಬತ್ತರಷ್ಟು ತೆಳು. ರೆಕ್ಕೆಗೆ ಹಿಡಿತ ಕಡಿಮೆ, ಇಂಜಿನ್ನಿಗೆ ಬಲ ಕಡಿಮೆ. 4,000 ಮೀಟರ್ ರನ್‌ವೇ ಇದ್ದರೂ ತುಂಬು ಇಂಧನ ಹೊತ್ತ ವಿಮಾನ ಬಿಸಿಲಿನಲ್ಲಿ ಏಳುವಾಗ ಭಾರವನ್ನು ಅಳೆದು ತೂಗಬೇಕಾಗುತ್ತದೆ. ಬೆಂಗಳೂರಿನ ಹಿತವಾದ ಹವೆಗೆ ಕಾರಣವಾದ ಎತ್ತರವೇ ಇದು.

ಎರಡು ಇಂಜಿನ್ನಿನ ವಿಮಾನ ತುರ್ತು ನಿಲ್ದಾಣದಿಂದ ಒಂದು ಗಂಟೆಗಿಂತ ಹೆಚ್ಚು ದೂರ ಹೋಗಕೂಡದು ಎಂಬ ಹಳೆಯ ನಿಯಮ 1985ರಿಂದ ಸಡಿಲವಾಗುತ್ತಾ ಬಂದುದೂ ಈ ನೇರ ಹಾದಿಗಳು ತೆರೆಯಲು ದೊಡ್ಡ ಕಾರಣ.

ಕೊನೆಗೆ ಮೈ. 2019ರ ಅಕ್ಟೋಬರಿನಲ್ಲಿ ಕ್ವಾಂಟಾಸ್ ನ್ಯೂಯಾರ್ಕಿನಿಂದ ಸಿಡ್ನಿಗೆ 19 ಗಂಟೆ 16 ನಿಮಿಷದ ಪ್ರಯೋಗದ ಹಾರಾಟ ನಡೆಸಿತು. ಒಳಗಿದ್ದವರ ನಿದ್ದೆ, ಊಟ, ಬೆಳಕುಗಳ ಮೇಲೆ ವಿಜ್ಞಾನಿಗಳು ಕಣ್ಣಿಟ್ಟಿದ್ದರು. ಸುಮಾರು 17,000 ಕಿ.ಮೀ.ನ ಸಿಡ್ನಿ–ಲಂಡನ್ ಹಾದಿಯನ್ನು ಒಂದೇ ಹಾರಿಗೆ ದಾಟುವುದು ಅವರ ಗುರಿ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟು, ಹೆದರುವಂಥದ್ದಲ್ಲ. ಆದರೆ ಹಿರಿಯರು, ಈಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ನೀರು ಕುಡಿಯಬೇಕು. ಈ ಕಾರಣಕ್ಕೇ ನಿಲ್ಲದ ವಿಮಾನವೇ ಮೇಲೆಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಗೊತ್ತಿಲ್ಲದ ನಿಲ್ದಾಣದಲ್ಲಿ ಗೇಟು ಹುಡುಕುವ ಭಯ ಇರುವವರಿಗೆ ನೇರ ಹಾದಿ ನೆಮ್ಮದಿ. ಜೊತೆಗೆ ಯಾರಾದರೂ ಇದ್ದರೆ ನಡುವೆ ನಾಲ್ಕು ಗಂಟೆ ಇಳಿದು ಓಡಾಡುವುದು ಮೈಗೆ ಹಿತ.

ಅಮ್ಮನಿಗೆ ಜೊತೆಯಾಗಿ ನಾನಿದ್ದೆ. ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಊಟ ಮುಗಿಸಿ ಊರು ಬಿಟ್ಟು, ರಾತ್ರಿ ಹನ್ನೊಂದಕ್ಕೆ ದೇವನಹಳ್ಳಿಯಿಂದ ಸಿಂಗಪುರಕ್ಕೆ ಹೊರಟೆವು. ಅಲ್ಲಿ ಬೆಳಗಾಯಿತು. ಮತ್ತೊಂದು ವಿಮಾನ ಹತ್ತಿ ಹದಿನೈದು ಗಂಟೆ ಪೆಸಿಫಿಕ್ ಮೇಲೆ ಹಾರಿದೆವು. ಎರಡೂ ಹಾರಾಟ ಸೇರಿ ಬಿಗಿ ದಾರದ ಲೆಕ್ಕದಲ್ಲೇ ಸುಮಾರು 16,800 ಕಿ.ಮೀ. ದಿನಾಂಕ ರೇಖೆ ದಾಟಿದ್ದರಿಂದ ಇಳಿಯುವ ಮುಂಚೆ ಕಿಟಕಿಯಲ್ಲಿ ಮೂಡಿದ್ದು ಅದೇ ಭಾನುವಾರದ ಎಳೆಬಿಸಿಲು. ಅಕ್ಕನ ಮನೆ ಬಾಗಿಲು ತೆರೆದಾಗ ಊರು ಬಿಟ್ಟು ಮೂವತ್ತಾರು ಗಂಟೆಯಾಗಿತ್ತು.

ಹಿಂದಿರುಗಿದ ಮೇಲೆ ಪಕ್ಕದ ಮನೆಯ ಗೌರಕ್ಕ ಜಗಲಿಯಲ್ಲಿ ಕೂತು ಕೇಳಿದರು, ಅಮೆರಿಕ ಎಷ್ಟು ದೂರವಮ್ಮ ಎಂದು. ನನ್ನ ಅಂಕಿಗಳನ್ನು ಅಮ್ಮ ಎತ್ತಲೇ ಇಲ್ಲ. "ಒಂದೇ ದಿನ ಎರಡು ಸಲ ಬೆಳಗಾಗುತ್ತೆ ನೋಡು, ಅಷ್ಟು ದೂರ" ಎಂದರು.